ಮಗುವಿಲ್ಲದ ಬಾಣಂತಿ ಯಾರ ಲೆಕ್ಕದಲ್ಲಿದ್ದಾಳೆ?

ಹೆರಿಗೆಯಾದ ಎರಡು ಮೂರು ದಿನಕ್ಕೆ ಎದೆಗೆ ಹಾಲು ಇಳಿಯುತ್ತದೆ. ಮಗು ಉಳಿದಿದೆಯೋ ಇಲ್ಲವೋ ಎಂದು ದೇಹ ಕೇಳುವುದಿಲ್ಲ. ಮಾಸು ಹೊರಬಿದ್ದೊಡನೆ ರಕ್ತದಲ್ಲಿ ಪ್ರೊಜೆಸ್ಟೆರಾನ್ ಪ್ರಮಾಣ ಕುಸಿಯುತ್ತದೆ, ಹಾಲು ತರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ತನ್ನ ಕೆಲಸಕ್ಕೆ ತೊಡಗುತ್ತದೆ. ಆಸ್ಪತ್ರೆಯಿಂದ ಬರಿಗೈಯಲ್ಲಿ ತವರಿಗೆ ಬಂದ ಹೆಂಗಸು ಆ ದಿನ ತೊಯ್ದ ರವಿಕೆಯನ್ನು ಬಚ್ಚಲಲ್ಲಿ ಒಬ್ಬಳೇ ಹಿಂಡುವಾಗ, ಹೀಗಾಗುತ್ತದೆಂದು ತನಗೆ ಯಾರೂ ಮುಂಚೆ ಹೇಳಲಿಲ್ಲವಲ್ಲ ಎಂದು ಅನ್ನಿಸದೆ ಇರುವುದು ಅಪರೂಪ. ಡಿಸ್ಚಾರ್ಜ್ ಹಾಳೆಯಲ್ಲಿ ಹೊಲಿಗೆಯ ಬಗ್ಗೆ, ಕಬ್ಬಿಣದ ಮಾತ್ರೆಯ ಬಗ್ಗೆ ಬರೆದಿರುತ್ತದೆ. ಹಾಲಿನ ಬಗ್ಗೆ ಬರೆಯುವ ಜಾಗದಲ್ಲಿ ಮಗುವಿಗೆ ಎಷ್ಟು ಹೊತ್ತಿಗೊಮ್ಮೆ ಕುಡಿಸಬೇಕು ಎಂಬ ಅಚ್ಚಾದ ಸೂಚನೆ ಇದ್ದರೆ ಇರುತ್ತದೆ.

ಹಿರಿಯ ಹೆಂಗಸರ ಬಳಿ ಇದಕ್ಕೊಂದು ಉಪಾಯವಿತ್ತು. ಮಲ್ಲಿಗೆ ದಂಡೆಯನ್ನು ಎದೆಗೆ ಕಟ್ಟಿ ಹಾಲು ಬತ್ತಿಸುತ್ತಿದ್ದರು. ದಕ್ಷಿಣ ಭಾರತದ ವೈದ್ಯರ ತಂಡವೊಂದು ಇದನ್ನು ಹಾಲು ಬತ್ತಿಸುವ ಬ್ರೊಮೊಕ್ರಿಪ್ಟಿನ್ ಮಾತ್ರೆಯೊಡನೆ ಹೋಲಿಸಿ ನೋಡಿ, ಹೂವೂ ಕೆಲಸ ಮಾಡುತ್ತದೆ ಎಂದು 1988ರಲ್ಲಿ ಪ್ರಕಟಿಸಿತ್ತು. ಈಗ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಕ್ಯಾಬರ್ಗೋಲಿನ್ ಮಾತ್ರೆ. ಬಸುರಿನಲ್ಲಿ ರಕ್ತದೊತ್ತಡ ಏರಿದ್ದವರಿಗೆ ಅದು ಸಲ್ಲದ ಕಾರಣ ಅಂಗಡಿಯಿಂದ ತಾವೇ ತಂದು ನುಂಗುವಂತಿಲ್ಲ. ಕೆಲವು ತಾಯಂದಿರಿಗೆ ಹಾಲನ್ನು ಒಮ್ಮೆಲೇ ಬತ್ತಿಸುವ ಮನಸ್ಸಿರುವುದಿಲ್ಲ, ಎದೆಹಾಲಿನ ಬ್ಯಾಂಕಿಗೆ ಕೊಡಬಹುದೇ ಎಂದು ಕೇಳುತ್ತಾರೆ. ಅದಕ್ಕೂ ಉತ್ತರ ಹೇಳುವವರು ಬೇಕು. ಮಲ್ಲಿಗೆಯ ಪದ್ಧತಿಯಲ್ಲಿ ಹೂವಿನ ಗುಣಕ್ಕಿಂತ ನನ್ನ ಗಮನ ಸೆಳೆಯುವ ಸಂಗತಿ ಬೇರೆಯದು: ಮೂರನೆಯ ದಿನ ಇವಳಿಗೆ ಎದೆ ಕಟ್ಟುತ್ತದೆ ಎಂದು ಇನ್ನೊಬ್ಬ ಹೆಂಗಸು ಮೊದಲೇ ಎಣಿಸಿ, ಹೂ ಹಿಡಿದು ಬರುತ್ತಿದ್ದಳು.

ಆ ಎಣಿಕೆ ಇವತ್ತು ಎಲ್ಲಿ ತಪ್ಪಿದೆ ಎಂಬುದೇ ಈ ಲೇಖನದ ವಿಷಯ. ನಮ್ಮಲ್ಲಿ ಹೆತ್ತವಳ ಸುತ್ತ ಎರಡು ದೊಡ್ಡ ವ್ಯವಸ್ಥೆಗಳಿವೆ. ಒಂದು ಮನೆಯದು, ಬಾಣಂತನ. ಎಣ್ಣೆನೀರು, ಪಥ್ಯ, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೂರು ತಿಂಗಳೋ ಐದು ತಿಂಗಳೋ ತವರಿನ ಆರೈಕೆ. ಇನ್ನೊಂದು ಸರ್ಕಾರದ್ದು: ತಾಯಿ ಕಾರ್ಡ್, ಆಶಾ ಕಾರ್ಯಕರ್ತೆ, ಪ್ರೋತ್ಸಾಹಧನ, ಲಸಿಕೆ. ಎರಡೂ ಹೆಸರಿಗೆ ತಾಯಿಯವು, ನೂಲು ಮಾತ್ರ ಸುತ್ತಿರುವುದು ಬದುಕಿರುವ ಮಗುವಿನ ಸುತ್ತ. ಮಗು ಜಾರಿದ ಕ್ಷಣ ತಾಯಿಯೂ ಎರಡೂ ಪಟ್ಟಿಗಳಿಂದ ಜಾರುತ್ತಾಳೆ. ಮಗು ಬದುಕಿ ಹೆರಿಗೆ ಮಾತ್ರ ಭಯಾನಕವಾಗಿದ್ದರೂ, ಹೆರಿಗೆ ಇನ್ನೂ ಆಗಿಯೇ ಇಲ್ಲದೆ ಅದರ ಭಯವೇ ಅವಳನ್ನು ತಿನ್ನುತ್ತಿದ್ದರೂ ಅವಳ ಮಾತನ್ನು ಅಳೆಯುವುದು ಇದೇ ಮಾಪನದಿಂದ: ಮಗು ಹೇಗಿದೆ?

ಇದು ಅಲ್ಪಸಂಖ್ಯೆಯವರ ಸಂಕಟವೆಂದು ಪಕ್ಕಕ್ಕಿಡುವಂತಿಲ್ಲ. ಬಸುರಿನ 28 ವಾರ ಕಳೆದ ಮೇಲೆ ಜೀವವಿಲ್ಲದೆ ಹುಟ್ಟುವುದನ್ನು ನಿರ್ಜೀವ ಜನನವೆಂದು ಅಂತರರಾಷ್ಟ್ರೀಯ ಹೋಲಿಕೆಗೆ ಎಣಿಸುತ್ತಾರೆ. ವಿಶ್ವಸಂಸ್ಥೆಯ ಸಂಸ್ಥೆಗಳು 2020ರಲ್ಲಿ ಒಟ್ಟಾಗಿ ಹೊರತಂದ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 20 ಲಕ್ಷ. ಅದರಲ್ಲಿ ಸುಮಾರು 3.4 ಲಕ್ಷ ಭಾರತದವು, ಬೇರೆ ಯಾವ ದೇಶಕ್ಕಿಂತಲೂ ಹೆಚ್ಚು. 28 ವಾರಕ್ಕೆ ಮುಂಚಿನ ಗರ್ಭಪಾತಗಳು, ಹುಟ್ಟಿದ ತಿಂಗಳೊಳಗೆ ತೀರಿಕೊಂಡ ಶಿಶುಗಳು ಈ ಲೆಕ್ಕದಲ್ಲಿಲ್ಲ. ನಿರ್ಜೀವ ಜನನದ ನಂತರದ ಖಿನ್ನತೆಯ ಲಕ್ಷಣಗಳೊಡನೆ ಬದುಕುತ್ತಿರುವ ಹೆಂಗಸರು ಜಗತ್ತಿನಲ್ಲಿ ಸುಮಾರು 42 ಲಕ್ಷ ಇರಬಹುದೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2016ರ ಲೇಖನಮಾಲೆ ಅಂದಾಜು ಮಾಡಿತ್ತು. ಭಾರತ ಸರ್ಕಾರ 2014ರಲ್ಲಿ ರೂಪಿಸಿದ ನವಜಾತ ಶಿಶು ಕ್ರಿಯಾ ಯೋಜನೆ, 2030ರೊಳಗೆ ಸಾವಿರ ಜನನಕ್ಕೆ ನಿರ್ಜೀವ ಜನನದ ಸಂಖ್ಯೆಯನ್ನು ಹತ್ತರ ಕೆಳಗೆ ತರುವ ಗುರಿ ಇಟ್ಟುಕೊಂಡಿದೆ. ಒಳ್ಳೆಯ ಗುರಿ. ಆದರೆ ಆ ಯೋಜನೆಯ ಆರು ಸ್ತಂಭಗಳಲ್ಲಿ ಮಗುವನ್ನು ಕಳೆದುಕೊಂಡವರ ಆರೈಕೆಗೆಂದೇ ಒಂದು ಸ್ತಂಭವಿಲ್ಲ.

ಕೆಳಹಂತದಲ್ಲಿ ಇದು ಹೇಗೆ ಕಾಣಿಸುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ಎಂಬ ರಾಷ್ಟ್ರೀಯ ಕಾರ್ಯಕ್ರಮ 2011ರಲ್ಲಿ ಬಂತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಹೆತ್ತವಳ ಮನೆಯ ಬಾಗಿಲನ್ನು ಆರು ವಾರದಲ್ಲಿ ಆರು ಬಾರಿ ತಟ್ಟುವ ಇಂಥ ವ್ಯವಸ್ಥೆ ಇರುವುದೇ ಹೆಮ್ಮೆಯ ವಿಷಯ. ಆದರೆ ಆಶಾ ಕಾರ್ಯಕರ್ತೆ ತುಂಬಬೇಕಾದ ನಮೂನೆಯ ಬಹುಪಾಲು ಮಗುವಿನದು: ತೂಕ, ಮೈಬಿಸಿ, ಹೊಕ್ಕುಳ, ಹಾಲು ಕುಡಿಯುವ ರೀತಿ. ಅವಳಿಗೆ ಸಿಗಬೇಕಾದ 250 ರೂಪಾಯಿಗೆ ಮೂಲ ಮಾರ್ಗಸೂಚಿ ಹಾಕಿದ್ದ ಷರತ್ತುಗಳಲ್ಲಿ ಮಗುವಿನ ತೂಕ ದಾಖಲಾಗಿರಬೇಕು, ಲಸಿಕೆ ಆಗಿರಬೇಕು, ಜನನ ನೋಂದಣಿ ಆಗಿರಬೇಕು ಎಂಬುವುಗಳ ಜೊತೆಗೆ ತಾಯಿ ಮಗು ಇಬ್ಬರೂ 42 ದಿನ ಕ್ಷೇಮವಾಗಿರಬೇಕು ಎಂಬುದೂ ಇತ್ತು. ತೂಗಲು ಮಗುವೇ ಇಲ್ಲದ ಮನೆಗೆ, ಬಾಯಿ ತೆರೆದರೆ ಏನಾದರೂ ತಪ್ಪು ಮಾತು ಬಂದೀತೆಂಬ ಅಳುಕಿನ ನಡುವೆ, ಅವಳು ಏನೆಂದುಕೊಂಡು ಹೋಗಬೇಕು? ಹೋಗದಿದ್ದರೆ ಅದನ್ನು ನಿರ್ಲಕ್ಷ್ಯ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೆಲಸವನ್ನು ಹಾಗೆ ಬರೆದಿಟ್ಟವರು ಬೇರೆಯವರು.

ಹಣದ ವಿಷಯವೂ ಹೀಗೆಯೇ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ ಈಗಿನ ಸ್ವರೂಪದಲ್ಲಿ ಮೊದಲ ಮಗುವಿಗೆ ಕೊಡುವ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. 2,000 ರೂಪಾಯಿಯ ಎರಡನೆಯ ಕಂತು ಬೀಳಬೇಕಾದರೆ ಜನನ ನೋಂದಣಿಯಾಗಿ ಮಗುವಿಗೆ ಮೊದಲ ಸುತ್ತಿನ ಲಸಿಕೆಗಳು ಆಗಿರಬೇಕು. ಗರ್ಭಪಾತವೋ ನಿರ್ಜೀವ ಜನನವೋ ಆದವಳನ್ನು ಮುಂದಿನ ಬಸುರಿನಲ್ಲಿ ಹೊಸ ಫಲಾನುಭವಿ ಎಂದು ಪರಿಗಣಿಸುತ್ತಾರೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಔದಾರ್ಯವೇ ಸರಿ. ಆದರೂ ಅದರ ಮಾತಿನಲ್ಲಿ ಅತ್ತೆಯೋ ಚಿಕ್ಕಮ್ಮನೋ ಹೇಳುವ ಮಾತೇ ಇದೆ: ಇದನ್ನು ಮರೆತುಬಿಡು, ಇನ್ನೊಂದಾದಾಗ ನೋಡೋಣ.

ಕಾನೂನು ಮಾತ್ರ, ವಿಚಿತ್ರವೆಂದರೆ, ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ‘ಮಗು’ ಎಂಬ ಪದದ ವ್ಯಾಖ್ಯೆಯಲ್ಲೇ ನಿರ್ಜೀವವಾಗಿ ಹುಟ್ಟಿದ ಮಗುವನ್ನೂ ಸೇರಿಸಿತ್ತು. ಅದರ ಬದಲಿಗೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ವ್ಯಾಖ್ಯೆ ಉಳಿದಿದೆ. 26ನೆಯ ವಾರದವರೆಗಿನ ನಷ್ಟ ಗರ್ಭಪಾತ, ಅದಕ್ಕೆ ಆರು ವಾರದ ಸಂಬಳಸಹಿತ ರಜೆ. ಅದನ್ನು ದಾಟಿದರೆ ಅದು ಹೆರಿಗೆ. ಹಾಗಾಗಿ 2017ರ ತಿದ್ದುಪಡಿಯ ನಂತರ ಹೆರಿಗೆಗೆ ಸಿಗುವ 26 ವಾರಗಳ ರಜೆ (ಬದುಕಿರುವ ಎರಡು ಮಕ್ಕಳಿದ್ದವರಿಗೆ 12 ವಾರ) ಮಗು ಉಳಿಯದ ತಾಯಿಗೂ ಸಲ್ಲುತ್ತದೆ. ಇದನ್ನು ಓದುಗರು ಗಮನದಲ್ಲಿಡಬೇಕೆಂದು ವಿಶೇಷವಾಗಿ ಹೇಳುತ್ತೇನೆ, ಏಕೆಂದರೆ ಮಗುವೇ ಇಲ್ಲವೆಂದ ಮೇಲೆ ಆರು ತಿಂಗಳು ಏಕೆ ಎಂದು ಮಾನವ ಸಂಪನ್ಮೂಲ ವಿಭಾಗದವರು ಕೇಳಿದರೆ, ಆ ಸ್ಥಿತಿಯಲ್ಲಿ ಕಾಯ್ದೆ ತೆಗೆದು ತೋರಿಸುವ ತ್ರಾಣ ಯಾರಿಗೂ ಇರುವುದಿಲ್ಲ. ಗಂಡನೋ ಅಣ್ಣನೋ ಗೆಳತಿಯೋ ಅವಳ ಪರವಾಗಿ ಮಾತಾಡಬೇಕಾಗುತ್ತದೆ. ಕೇಂದ್ರ ಸರ್ಕಾರಿ ನೌಕರರ ವಿಷಯದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಬಂದ ಆದೇಶ, ಮಗು ನಿರ್ಜೀವವಾಗಿ ಹುಟ್ಟಿದರೆ ಅಥವಾ 28 ದಿನದೊಳಗೆ ತೀರಿಕೊಂಡರೆ ತಾಯಿಗೆ 60 ದಿನಗಳ ವಿಶೇಷ ರಜೆ ಕೊಟ್ಟಿತು. ಮಗುವಿನ ಸಾವು ತಾಯಿಯ ಬದುಕಿನ ಮೇಲೆ ದೂರಗಾಮಿ ಪರಿಣಾಮ ಬೀರುತ್ತದೆ ಎಂಬ ಭಾವನಾತ್ಮಕ ಕಾರಣವನ್ನೇ ಆ ಆದೇಶ ಎತ್ತಿ ಹೇಳಿತು. ಸರ್ಕಾರಿ ಸುತ್ತೋಲೆಯೊಂದರಲ್ಲಿ ಅಂಥ ವಾಕ್ಯ ಅಪರೂಪ. ಗಾರ್ಮೆಂಟ್ಸ್ ಕಾರ್ಖಾನೆಯವಳಿಗೆ ಕಾಯ್ದೆಯ ಆಸರೆಯಾದರೂ ಇದೆ. ಕೂಲಿಗೆ, ಮನೆಗೆಲಸಕ್ಕೆ ಹೋಗುವವಳಿಗೆ ಅದೂ ಇಲ್ಲ. ಸೊಂಟ ಎತ್ತಲಾದ ದಿನವೇ ಅವಳ ರಜೆ ಮುಗಿದ ದಿನ.

ಗೆರೆಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬಹುದು. ರಜೆಯ ಕಾಯ್ದೆಗೆ ಗೆರೆ 26 ವಾರ, ಜನನ ಮರಣ ನೋಂದಣಿಗೆ 28 ವಾರ. 27ನೆಯ ವಾರದಲ್ಲಿ ಕಳೆದುಕೊಂಡವಳು ಒಂದು ಕಾನೂನಿನ ಪ್ರಕಾರ ಹೆತ್ತಿದ್ದಾಳೆ, ಇನ್ನೊಂದರ ಪ್ರಕಾರ ನೋಂದಾಯಿಸಲು ಏನೂ ಇಲ್ಲ.

ಇನ್ನು ಮನೆಯೊಳಗೆ ಬರೋಣ. ‘ಹಸಿ ಬಾಣಂತಿ, ಅಳಬಾರದು’, ‘ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ’, ‘ಋಣ ಅಷ್ಟೇ ಇತ್ತು’: ಈ ಮೂರು ಮಾತನ್ನು ಕೇಳದೆ ಈ ದುಃಖ ದಾಟಿದ ಕನ್ನಡದ ಹೆಂಗಸು ಇದ್ದಾಳೆಂದು ನನಗನ್ನಿಸುವುದಿಲ್ಲ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮೊದಲನೆಯದು ಕಾಳಜಿಯಿಂದ ಬಂದದ್ದಾದರೂ ಅಳುವನ್ನು ಹೊದಿಕೆಯೊಳಗೆ ನೂಕುತ್ತದೆ. ಎರಡನೆಯದು, ಒಂಬತ್ತು ತಿಂಗಳು ಹೊತ್ತು ಮನಸ್ಸಿನಲ್ಲೇ ಹೆಸರಿಟ್ಟ ಮಗುವನ್ನು ಒಡೆದ ಲೋಟದಂತೆ ಬದಲಾಯಿಸಬಹುದಾದ ವಸ್ತುವಾಗಿಸುತ್ತದೆ. ಹೇಳಬಾರದ ಮಾತು ಒಂದಿದ್ದರೆ ಇದೇ. ಮೂರನೆಯದರ ಬಗ್ಗೆ ಮಾತ್ರ ನಾನು ಸ್ವಲ್ಪ ತಡೆದು ಮಾತಾಡುತ್ತೇನೆ. ಪಪ್ಪಾಯಿ ತಿಂದೆನೇ, ಗ್ರಹಣದ ದಿನ ಹೊರಗೆ ಬಂದೆನೇ, ಆ ದಿನ ಬಸ್ಸಿನಲ್ಲಿ ಹೋಗದೆ ಇರಬೇಕಿತ್ತೇ ಎಂದು ರಾತ್ರಿಯೆಲ್ಲ ತನ್ನನ್ನೇ ಕೆದಕಿಕೊಳ್ಳುವವಳಿಗೆ ‘ಋಣ’ ಎಂಬ ಪದ ತಪ್ಪಿನ ಹೊರೆಯನ್ನು ಇಳಿಸುತ್ತದೆ. ಅವಳಾಗಿಯೇ ಆ ಪದಕ್ಕೆ ಬಂದರೆ ಅದು ಆಸರೆ. ಮಾತು ಮುಗಿಸುವುದಕ್ಕೆಂದು ಬೇರೆಯವರು ಬಳಸಿದರೆ ಅದು ಬೀಗ.

ದುಃಖಕ್ಕೆ ಆಚರಣೆಯ ಆಸರೆಯೂ ಇಲ್ಲಿ ತೆಳುವು. ಮಗು ಹುಟ್ಟಿದರೆ ಪುರುಡು, ಸತ್ತರೆ ಸೂತಕ. ಸತ್ತೇ ಹುಟ್ಟಿದರೆ ಯಾವುದು, ಎಷ್ಟು ದಿನ ಎಂಬುದಕ್ಕೆ ಮನೆಯ ಹಿರಿಯರಲ್ಲೇ ಒಮ್ಮತವಿರುವುದಿಲ್ಲ. ಹಿಂದೂ ಸಮುದಾಯಗಳಲ್ಲಿ ಬಹುತೇಕ ಹಸುಗೂಸನ್ನು ಸುಡದೆ ಹೂಳುತ್ತಾರೆ, ತಿಥಿ ಶ್ರಾದ್ಧಗಳಿಲ್ಲ. ಮುಸ್ಲಿಮರಲ್ಲಿ ನಾಲ್ಕು ತಿಂಗಳು ದಾಟಿದ ಮಗುವಿಗೆ ಹೆಸರಿಟ್ಟು, ಮೀಯಿಸಿ, ಕಫನ್ ಸುತ್ತಿ ಮಣ್ಣು ಮಾಡುವ ಪದ್ಧತಿಯಿದೆ; ಆ ಹೆಸರು ತಾಯಿಗೆ ಉಳಿಯುತ್ತದೆ. ಎಲ್ಲಿಯೇ ಆಗಲಿ, ಮಣ್ಣಿಗೆ ಹೋಗುವಾಗ ತಾಯಿ ಆಸ್ಪತ್ರೆಯ ಹಾಸಿಗೆಯಲ್ಲಿರುತ್ತಾಳೆ. ಮುಂದೆ ಸೀಮಂತಕ್ಕೆ, ಕುಬಸಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಕರೆ ಬರುವುದು ನಿಲ್ಲುತ್ತದೆ, ಅಥವಾ ಕರೆ ಬಂದರೂ ಆರತಿ ತಟ್ಟೆ ಅವಳ ಕೈಗೆ ಬರುವುದಿಲ್ಲ. ಖಿನ್ನತೆಯ ಮಾತ್ರೆ ಇದನ್ನು ಸರಿಪಡಿಸಲಾರದು.

ಮಗುವಿನ ಮುಖ ನೋಡಬೇಕೇ, ಎತ್ತಿಕೊಳ್ಳಬೇಕೇ? ನಮ್ಮ ಮನೆಗಳಲ್ಲಿ ಇದನ್ನು ತೀರ್ಮಾನಿಸುವುದು ಗಂಡನ ತಂದೆಯೋ ಸೋದರಮಾವನೋ: ‘ಅವಳಿಗೆ ತೋರಿಸಬೇಡಿ, ತಡೆದುಕೊಳ್ಳಲಾರಳು.’ ಇದನ್ನು ಅಜ್ಞಾನವೆಂದು ತಳ್ಳಿಹಾಕುವ ಮುನ್ನ ವೈದ್ಯಲೋಕವೂ ಈ ಪ್ರಶ್ನೆಯಲ್ಲಿ ತೂಗಾಡಿದ್ದನ್ನು ನೆನೆಯಬೇಕು. ನಿರ್ಜೀವ ಮಗುವನ್ನು ಎತ್ತಿಕೊಂಡಿದ್ದ ತಾಯಂದಿರಲ್ಲಿ ಮುಂದಿನ ಬಸುರಿನಲ್ಲಿ ಖಿನ್ನತೆ ಹೆಚ್ಚು ಕಂಡಿತೆಂದು 2002ರಲ್ಲಿ ಲ್ಯಾನ್ಸೆಟ್‌ನಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಬಂತು. ಅದು ಸಣ್ಣ ಗುಂಪಿನ ಅಧ್ಯಯನವಾಗಿದ್ದರೂ ಅಲ್ಲಿನ ಮಾರ್ಗಸೂಚಿಯ ಮೇಲೆ ಪ್ರಭಾವ ಬೀರಿತು. ಎತ್ತಿಕೊಂಡ ಬಹುಪಾಲು ತಾಯಂದಿರು ಅದಕ್ಕಾಗಿ ಪಶ್ಚಾತ್ತಾಪ ಪಡುವುದಿಲ್ಲ, ನೋಡಲಾಗದೆ ಹೋದವರಲ್ಲೇ ಕೊರಗು ಉಳಿಯುತ್ತದೆ ಎಂದು ಸ್ವೀಡನ್ ಮತ್ತಿತರ ಕಡೆಯ ನಂತರದ ಅಧ್ಯಯನಗಳು ಹೇಳಿದವು. ಈಗ ನೆಲೆಗೊಂಡಿರುವ ನಿಲುವು ಸರಳ: ಒತ್ತಾಯವೂ ಬೇಡ, ತಡೆಯೂ ಬೇಡ, ಮಗು ಹೇಗೆ ಕಾಣುತ್ತದೆ ಎಂಬುದನ್ನು ಮೊದಲೇ ವಿವರಿಸಿ, ಅವಳನ್ನೇ ಕೇಳಿ, ಬೇಡವೆಂದವಳು ಒಂದು ಗಂಟೆಯ ನಂತರ ಬೇಕೆಂದರೆ ಆಗಲೂ ಅವಕಾಶವಿರಲಿ. ಒಂದು ಫೋಟೋ, ಪಾದದ ಗುರುತು, ಸುತ್ತಿದ ಬಟ್ಟೆಯನ್ನು ಲಕೋಟೆಯಲ್ಲಿಟ್ಟು ಮನೆಯವರ ಕೈಗೆ ಕೊಟ್ಟರೆ, ನಾಲ್ಕು ತಿಂಗಳ ನಂತರ ಕೇಳಿದಾಗ ಅದು ಇರುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ. ಅವಳ ಹಾಸಿಗೆಯನ್ನು ಹಾಲು ಕುಡಿಸುವ ತಾಯಂದಿರ ಸಾಲಿನಿಂದ ಬೇರೆ ಕಡೆಗೆ ಸರಿಸುವುದಕ್ಕೂ ಅನೇಕ ಕಡೆ ಒಂದು ಪರದೆ ಸಾಕು, ಜೊತೆಗೆ ಹಾಗೆ ಮಾಡಬೇಕೆಂದು ಹೊಳೆಯಬೇಕು.

ಸಮಾಧಾನದ ಇನ್ನೊಂದು ರೂಪವಿದೆ, ಅದನ್ನು ನಾವು ಸಮಾಧಾನವೆಂದೇ ಎಣಿಸುವುದಿಲ್ಲ: ಏಕೆ ಹೀಗಾಯಿತು ಎಂಬ ಉತ್ತರ. ರಕ್ತದೊತ್ತಡ, ಮಧುಮೇಹ, ಹೊಟ್ಟೆಯಲ್ಲೇ ಮಗುವಿನ ಬೆಳವಣಿಗೆ ಕುಂಠಿತವಾಗುವುದು, ಮಾಸು ಮುಂಚೆಯೇ ಬೇರ್ಪಡುವುದು, ಸೋಂಕು, ಹೆರಿಗೆಯ ಹೊತ್ತಿನ ವಿಳಂಬ, ಇವೆಲ್ಲ ತಿಳಿದ ಕಾರಣಗಳು. ಎಷ್ಟು ಹುಡುಕಿದರೂ ಕಾರಣ ಸಿಗದ ಸಾವುಗಳೂ ಗಣನೀಯ. ಮಾಸನ್ನು ಪರೀಕ್ಷೆಗೆ ಕಳುಹಿಸಿ, ಆರು ವಾರದ ನಂತರ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ವರದಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ‘ಇದರಲ್ಲಿ ನೀವು ಮಾಡಿದ ತಪ್ಪೇನೂ ಇಲ್ಲ’ ಎಂದು ವೈದ್ಯರ ಬಾಯಿಂದಲೇ ಬಂದರೆ, ಅತ್ತೆ ಮನೆಯಲ್ಲಿ ಆ ವಾಕ್ಯಕ್ಕೆ ಇರುವ ಬೆಲೆ ಹತ್ತು ಆಪ್ತಸಮಾಲೋಚನೆಗೆ ಸಮ. ಆಸ್ಪತ್ರೆಯದೇ ತಪ್ಪಿದ್ದರೆ? ಆಗ ಈ ಭೇಟಿ ಕಷ್ಟದ್ದು, ಮೊಕದ್ದಮೆಯ ಭಯದಿಂದ ಬಹಳ ಬಾರಿ ನಡೆಯುವುದೇ ಇಲ್ಲ, ಮತ್ತು ಆ ಮೌನವೇ ಎಷ್ಟೋ ಸಂಸಾರಗಳಲ್ಲಿ ವರ್ಷಗಟ್ಟಲೆ ಕೊಳೆಯುವ ಗಾಯ.

ಗಂಡನನ್ನು ಇಲ್ಲಿಯವರೆಗೆ ಫಾರಂ ತುಂಬಲು ಮಾತ್ರ ಕರೆದಿದ್ದೇವೆ. ಒಪ್ಪಿಗೆ ಪತ್ರಕ್ಕೆ ಸಹಿ, ಬಿಲ್ಲು, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತೋಳಿನಲ್ಲಿ ಹಿಡಿದು ಸ್ಮಶಾನದವರೆಗೆ ಆಟೋದ ಪ್ರಯಾಣ, ಇವಿಷ್ಟೂ ಅವನದೇ. ಆಮೇಲೆ ಎಲ್ಲರೂ ಅವನ ಬೆನ್ನು ತಟ್ಟಿ ‘ನೀನೇ ಧೈರ್ಯವಾಗಿರಬೇಕಪ್ಪ, ಅವಳಿಗೆ ನೀನೇ ಸಮಾಧಾನ ಹೇಳಬೇಕು’ ಎನ್ನುತ್ತಾರೆ. ವಾರದಲ್ಲಿ ಅವನು ಕೆಲಸಕ್ಕೆ ಹಿಂತಿರುಗುತ್ತಾನೆ. ಖಾಸಗಿ ಕ್ಷೇತ್ರದಲ್ಲಿ ತಂದೆಗೆ ರಜೆ ಕೊಡಲೇಬೇಕೆಂಬ ಕಾನೂನು ಮಗು ಬದುಕಿದ್ದಾಗಲೂ ಇಲ್ಲ. ಅವಳು ತವರಿನಲ್ಲಿ, ಅವನು ಖಾಲಿ ತೊಟ್ಟಿಲಿರುವ ಮನೆಯಲ್ಲಿ. ಅವನು ಅಳದ್ದನ್ನು ಅವಳು ಕಲ್ಲುಮನಸ್ಸೆಂದು ತಿಳಿಯುತ್ತಾಳೆ, ಅವಳು ಮತ್ತೆ ಮತ್ತೆ ಅದನ್ನೇ ಹೇಳುವುದನ್ನು ಅವನು ಚೇತರಿಸಿಕೊಳ್ಳಲೊಲ್ಲಳೆಂದು ತಿಳಿಯುತ್ತಾನೆ. ಬಾಣಂತನಕ್ಕೆ ತವರಿಗೆ ಹೋಗುವ ನಮ್ಮ ಪದ್ಧತಿ ಈ ಒಂದು ಸಂದರ್ಭದಲ್ಲಿ ಇಬ್ಬರಿಗೂ ಒಳಿತು ಮಾಡುವುದಿಲ್ಲ ಎಂದು ನನ್ನ ಅನಿಸಿಕೆ.

ಮಗು ಬದುಕಿದ್ದೂ ತಾಯಿ ಮುರಿದುಹೋಗುವ ಸಂದರ್ಭ ಇನ್ನೊಂದು ಬಗೆಯದು, ಅದನ್ನು ಗುರುತಿಸುವುದು ಇನ್ನೂ ಕಷ್ಟ. ವಿಪರೀತ ರಕ್ತಸ್ರಾವವಾಗಿ ಐಸಿಯು ಸೇರಿದವಳು, ಅರಿವಳಿಕೆ ಸರಿಯಾಗಿ ಹತ್ತುವ ಮುನ್ನ ಕೊಯ್ದರೆಂದು ಹೇಳುವವಳು, ‘ಆಗ ಗೊತ್ತಾಗಲಿಲ್ವಾ, ಈಗ ಯಾಕೆ ಕೂಗ್ತೀಯ’ ಎಂಬ ಹೆರಿಗೆ ಕೋಣೆಯ ಹಳೆಯ ಬೈಗುಳವನ್ನು ಕಾಲು ಅಗಲಿಸಿ ಮಲಗಿದ ಸ್ಥಿತಿಯಲ್ಲಿ ಕೇಳಿದವಳು, ಇವರೆಲ್ಲ ಮನೆಗೆ ಬಂದಾಗ ಕೈಯಲ್ಲಿ ಮಗುವಿರುತ್ತದೆ. ಬಾಯಿ ಬಿಟ್ಟರೆ ಸಿಗುವ ಉತ್ತರ ಒಂದೇ: ಮಗು ಚೆನ್ನಾಗಿದೆಯಲ್ಲ, ಇನ್ನೇನು? ಕೇಸ್ ಶೀಟಿನಲ್ಲಿ ‘ಸಹಜ ಹೆರಿಗೆ’ ಎಂದಿರುವುದು ಅವಳ ಅನುಭವದಲ್ಲಿ ಸಹಜವಾಗಿರಬೇಕಿಲ್ಲ. ಸತ್ತೇಹೋಗುತ್ತೇನೆ ಎಂದು ಅವಳಿಗೆ ಅನ್ನಿಸಿತೇ, ಯಾರಾದರೂ ಅವಳ ಮಾತು ಕೇಳಿಸಿಕೊಂಡರೇ ಎಂಬುದು ಆಘಾತವನ್ನು ನಿರ್ಧರಿಸುತ್ತದೆ. ಹೆರಿಗೆಯ ನಂತರ ಆಘಾತೋತ್ತರ ಒತ್ತಡದ ಕಾಯಿಲೆ ಸಾಮಾನ್ಯವಾಗಿ ನೂರರಲ್ಲಿ ಸುಮಾರು ನಾಲ್ವರಿಗೆ, ತೊಡಕಿನ ಹೆರಿಗೆ ಅಥವಾ ಮಗುವಿನ ನಷ್ಟದಂಥ ಹೆಚ್ಚಿನ ಅಪಾಯವಿದ್ದವರಲ್ಲಿ ನೂರಕ್ಕೆ ಹದಿನೆಂಟರಷ್ಟು ಮಂದಿಗೆ ಬರುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆ ಹೇಳುತ್ತದೆ. ಹೆರಿಗೆಯ ದೃಶ್ಯ ಕಣ್ಣಮುಂದೆ ಮರುಕಳಿಸುವುದು, ಆಸ್ಪತ್ರೆಯ ರಸ್ತೆಯನ್ನೇ ತಪ್ಪಿಸಿ ಓಡಾಡುವುದು, ಡೆಟಾಲ್ ವಾಸನೆಗೆ ಬೆವರುವುದು, ಗಂಡನ ಸ್ಪರ್ಶಕ್ಕೆ ಬೆಚ್ಚುವುದು, ಮಗುವನ್ನು ಬಿಟ್ಟು ಒಂದು ಗಳಿಗೆ ನಿದ್ದೆ ಮಾಡಲಾಗದಿರುವುದು ಅದರ ಗುರುತುಗಳು. ಮನೆಯವರಿಗೆ ಇದು ‘ಸಿಡುಕು’ ಅಥವಾ ‘ಹಟ’ ಎಂದು ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಒಳ್ಳೆಯ ಮನಸ್ಸಿನವರೇ ಇದರಲ್ಲಿ ಎಡವುತ್ತಾರೆ. ಎಲ್ಲವನ್ನೂ ಬಾಯಿಬಿಟ್ಟು ಹೇಳಿಸಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡು, ಹೆರಿಗೆಯಾದ ಮರುದಿನವೇ ಆಪ್ತಸಮಾಲೋಚಕರನ್ನು ಕೂರಿಸಿ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳಿಸುವ ಒಂದೇ ಬಾರಿಯ ಚಿಕಿತ್ಸೆಯಿಂದ ಪ್ರಯೋಜನ ಕಂಡುಬಂದಿಲ್ಲ. ಚಿಕಿತ್ಸೆಯ ಮಾನದಂಡಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಅದನ್ನು ಕೊಡಬೇಡಿ ಎಂದೇ ಹೇಳುತ್ತದೆ. ಬೇಕಾದದ್ದು ಅವಳು ಮಾತಾಡಬೇಕೆಂದಾಗ ಕೇಳುವ ಒಬ್ಬರು, ಏನು ನಡೆಯಿತೆಂದು ವೈದ್ಯರಿಂದ ನೇರ ವಿವರಣೆ, ಮತ್ತು ಲಕ್ಷಣಗಳು ತಿಂಗಳು ಮೀರಿ ಉಳಿದರೆ ಆಘಾತಕ್ಕೆಂದೇ ರೂಪಿಸಿದ, ಹಲವು ಭೇಟಿಗಳ ಚಿಕಿತ್ಸೆ. ದುಃಖವನ್ನೆಲ್ಲ ಕಾಯಿಲೆ ಎನ್ನುವುದೂ ಇಷ್ಟೇ ತಪ್ಪು. ಮಗು ಅತ್ತಂತೆ ಕೇಳಿಸುವುದು, ಖಾಲಿ ಹೊಟ್ಟೆಯಲ್ಲಿ ಒದ್ದಂತಾಗುವುದು ಮಗು ಕಳೆದುಕೊಂಡ ಎಷ್ಟೋ ತಾಯಂದಿರಿಗೆ ಆಗುತ್ತದೆ, ಅದು ಹುಚ್ಚಿನ ಗುರುತಲ್ಲ. ಆದರೆ ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆಯೇ ಬಾರದೆ, ಅಸಂಬದ್ಧ ಮಾತು, ವಿಪರೀತ ಅನುಮಾನ, ಯಾರದೋ ಆಜ್ಞೆ ಕೇಳಿಸುತ್ತದೆಂಬ ಮಾತು ಕಂಡರೆ ಅದು ಹಿಂದಿನವರು ಬಾಣಂತಿ ಸನ್ನಿ ಎನ್ನುತ್ತಿದ್ದ ಸ್ಥಿತಿ; ಮಂತ್ರವಾದಿಯ ಬಳಿ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೆರಿಗೆಯ ಭಯವನ್ನು ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲೇ ವಿವರಿಸಿದ್ದ. ಅದರ ತೀವ್ರ ರೂಪಕ್ಕೆ ಟೋಕೋಫೋಬಿಯಾ ಎಂಬ ಹೆಸರು ಬಂದದ್ದು 2000ದಲ್ಲಿ, ಬ್ರಿಟನ್ನಿನ ಇಬ್ಬರು ಮನೋವೈದ್ಯರ ಲೇಖನದಿಂದ. ಒಮ್ಮೆಯೂ ಹೆತ್ತಿರದವಳ ಭಯ ಒಂದು ಬಗೆ, ಹಿಂದಿನ ಹೆರಿಗೆಯ ಗಾಯದಿಂದ ಹುಟ್ಟಿದ ಭಯ ಇನ್ನೊಂದು. ನಮ್ಮಲ್ಲಿ ಹೆರಿಗೆ ಎಂದರೆ ಹೆಣ್ಣಿಗೆ ಮರುಜನ್ಮ ಎಂಬ ಮಾತೇ ಇರುವಾಗ ಭಯವನ್ನು ಯಾರೂ ವಿಶೇಷವೆಂದು ನೋಡುವುದಿಲ್ಲ. ಆದರೆ ಎಲ್ಲ ಭಯವನ್ನೂ ರೋಗಿಯ ತಲೆಯೊಳಗೆ ಹುಡುಕಬಾರದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಡ್ರಿಪ್ಪಿನ ದ್ರಾವಣದ ಗುಣಮಟ್ಟದ ಸುದ್ದಿ ದಿನವೂ ಬರುತ್ತಿದ್ದಾಗ, ರಾಜ್ಯದ ತುಂಬುಗರ್ಭಿಣಿಯರಿಗೆ ಆದ ಹೆದರಿಕೆಗೆ ಕಾರಣವಿತ್ತು. ಅಂಥ ಭಯಕ್ಕೆ ‘ಏನಾಗಲ್ಲ, ಧೈರ್ಯವಾಗಿರಮ್ಮ’ ಎಂಬುದು ಉತ್ತರವಾಗದು. ಆಸ್ಪತ್ರೆ ಏನನ್ನು ಬದಲಾಯಿಸಿದೆ ಎಂದು ಹೇಳುವುದು ಉತ್ತರ.

ಭಯ ಬೆಳೆಯಲು ಒಂದು ಕಾರಣ ಒಂಟಿತನ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಇದರಿಂದ ಉಳಿದ ಜೀವಗಳು ಅನೇಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾವಗಡ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರಂಥವರು ಹೆರುವವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ ಜಾಗ ಆಸ್ಪತ್ರೆಯಲ್ಲಿ ಖಾಲಿ ಉಳಿಯಿತು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ನೋವಿನ ಅವಧಿ ಕಡಿಮೆಯಾಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯ ಬಗ್ಗೆ ಕಹಿನೆನಪು ಕಡಿಮೆಯಾಗುತ್ತದೆ ಎಂದು 15,000ಕ್ಕೂ ಹೆಚ್ಚು ಮಹಿಳೆಯರ ಮೇಲಿನ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕೊಕ್ರೇನ್ ವಿಮರ್ಶೆ ತೋರಿಸಿದೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಹೆರಿಗೆಯ ಅನುಭವವಿರುವ ಬಂಧುಮಹಿಳೆಯೊಬ್ಬಳನ್ನು ಬಿಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿತು, ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ 2017ರ ಲಕ್ಷ್ಯ ಕಾರ್ಯಕ್ರಮ ಅದನ್ನು ಮಾನದಂಡವಾಗಿಸಿತು. ಜಾಗವಿಲ್ಲ, ಸೋಂಕಾಗುತ್ತದೆ ಎಂಬ ಕಾರಣ ಕೊಟ್ಟು ಬಾಗಿಲಲ್ಲೇ ನಿಲ್ಲಿಸಿದರೆ, ಸಂಬಂಧಿಕರು ಈ ಆದೇಶದ ಹೆಸರು ಹೇಳಿ ಕೇಳಬಹುದು.

ಸಹಾಯ ಎಲ್ಲಿದೆ? ನಮ್ಮ ರಾಜ್ಯದ ಮಟ್ಟಿಗೆ ಇಲ್ಲವೆನ್ನುವಂತಿಲ್ಲ. ಮನೋವೈದ್ಯಕೀಯ ಚಿಕಿತ್ಸೆಗೆ ಬಂದ ತಾಯಿಯನ್ನು ಮಗುವಿನೊಡನೆಯೇ ಇರಿಸಿಕೊಳ್ಳುವ ದೇಶದ ಮೊದಲ ಘಟಕ 2009ರಲ್ಲಿ ಶುರುವಾದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಡಾ. ಪ್ರಭಾ ಚಂದ್ರ ಅವರ ನೇತೃತ್ವದಲ್ಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಕೊರತೆ ಇರುವುದು ಹೆರಿಗೆ ವಾರ್ಡಿನಿಂದ ಇಲ್ಲಿಯವರೆಗೆ ಬರುವ ದಾರಿಯಲ್ಲಿ. ಆ ದಾರಿ ಹಾಕಲು ಹೊಸ ಇಲಾಖೆ ಬೇಕಿಲ್ಲ. 1987ರಲ್ಲಿ ರೂಪಿಸಿದ ಎಡಿನ್‌ಬರೋ ಖಿನ್ನತೆ ಪ್ರಶ್ನಾವಳಿ ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಮನಸ್ಸು ಹೇಗಿತ್ತೆಂದು ಕೇಳುವ ಅದರ ಹತ್ತು ಪ್ರಶ್ನೆಗಳಲ್ಲಿ ಒಂದೂ ಮಗುವಿನ ಬಗ್ಗೆ ಇಲ್ಲ. ಅಂದರೆ ಮಗುವಿಲ್ಲದ ಮನೆಗೆ 7ನೆಯ ಮತ್ತು 42ನೆಯ ದಿನ ಹೋಗುವ ಆಶಾ ಕಾರ್ಯಕರ್ತೆಯ ಕೈಗೆ ಕೊಡಲು ಹಾಳೆಯೊಂದು ಸಿದ್ಧವಾಗಿಯೇ ಇದೆ. ಆ ಭೇಟಿಗೂ ಉಳಿದ ಭೇಟಿಗಳಷ್ಟೇ ಹಣ ಕೊಟ್ಟು, ಹತ್ತನೆಯ ಪ್ರಶ್ನೆಗೆ, ಅಂದರೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆಗೆ, ಹೌದೆಂದವಳನ್ನು ಅಂದೇ ಯಾರಿಗೆ ಒಪ್ಪಿಸಬೇಕೆಂದು ಬರೆದುಕೊಟ್ಟರೆ ಆಯಿತು.

ವರ್ಷವೋ ಎರಡು ವರ್ಷವೋ ಕಳೆದು ಅವಳು ಮತ್ತೆ ಬಸುರಾಗಿ ಬರುತ್ತಾಳೆ. ತಾಯಿ ಕಾರ್ಡಿನ ಮೇಲುಗಡೆ ವೈದ್ಯರು ‘ಜಿ2 ಪಿ1 ಎಲ್0’ ಎಂದು ಬರೆಯುತ್ತಾರೆ: ಎರಡನೆಯ ಬಸುರು, ಒಂದು ಹೆರಿಗೆ, ಬದುಕಿರುವ ಮಕ್ಕಳು ಸೊನ್ನೆ. ಬ್ರಿಟನ್ನಿನಲ್ಲಿ ಮಗು ಕಳೆದುಕೊಂಡವರಿಗೆ ನೆರವಾಗುವ ಸ್ಯಾಂಡ್ಸ್ ಎಂಬ ಸಂಸ್ಥೆ ಇಂಥ ತಾಯಿಯ ಕಡತಕ್ಕೆ ಕಣ್ಣೀರ ಹನಿಯ ಚಿತ್ರವಿರುವ ಚೀಟಿ ಅಂಟಿಸುವ ರೂಢಿ ತಂದಿದೆ, ಓದುವವರಿಗೆ ಬಾಯಿ ತೆರೆಯುವ ಮುನ್ನ ತಿಳಿಯಲೆಂದು. ನಮ್ಮ ಕಾರ್ಡಿನಲ್ಲಿ ಆ ಚೀಟಿ ಹೇಳುವುದೆಲ್ಲ ಮೂರು ಅಕ್ಷರ ಮೂರು ಅಂಕಿಗಳಲ್ಲಿ ಈಗಾಗಲೇ ಇದೆ. ಆದರೂ ಕೌಂಟರಿನಲ್ಲಿ ಕುಳಿತವರು ತಲೆಯೆತ್ತದೆ ‘ಮೊದಲನೇದಾ, ಎರಡನೇದಾ?’ ಎಂದು ಕೇಳುತ್ತಾರೆ, ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ ನಿಂತಿರುತ್ತಾರೆ, ಮತ್ತು ಅವಳು ಏನು ಹೇಳಬೇಕೆಂದು ತಿಳಿಯದೆ ಪಕ್ಕದಲ್ಲಿರುವ ತಾಯಿಯ ಮುಖ ನೋಡುತ್ತಾಳೆ.